ಸ್ಟಾಫ್‌ರೂಮಿಗೆ ಬಂದ ‘ಲಿಂಗ ಸೂಕ್ಷ್ಮತೆ’ ತರಬೇತಿ: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು?

ಶಾಲೆಗಳಿಗೆ ಬಂದು ಅರ್ಧ ದಿನ ‘ಲಿಂಗ ಸೂಕ್ಷ್ಮತೆ’ ತರಬೇತಿ ಕೊಟ್ಟು ಹೋಗುವವರು ಈಗ ಬೆಂಗಳೂರಿನಲ್ಲಿ ಇದ್ದಾರೆ. ಅಂಥವರನ್ನು ನಮ್ಮ ಶಾಲೆ 2025ರ ಡಿಸೆಂಬರ್‌ನಲ್ಲಿ ಕರೆಸಿತ್ತು. ನಾನು ತುಮಕೂರು ಕಡೆಯ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಟ್ರಾನ್ಸ್ ಮಹಿಳೆ, ಹುಟ್ಟಿದಾಗ ಗಂಡು ಅಂತ ಬರೆಸಿದ್ದರು, ನಾನು ಹೆಣ್ಣು. ಅಂದರೆ ತರಬೇತಿ ನಡೆದದ್ದೇ ನನ್ನಂಥವರ ವಿಷಯಕ್ಕೆ, ಹಾಜರಿ ಮಾತ್ರ ನನಗೂ ಕಡ್ಡಾಯ! ಸಹಿ ಹಾಕಿ, ಅವರು ಕೊಟ್ಟ ಪೆನ್ನು ಪ್ಯಾಡು ತಗೊಂಡು, ಮೂರನೇ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆ. ಇಂಥ ತರಬೇತಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದುಡ್ಡು ಕೊಟ್ಟವರು, ಇಲ್ಲವೇ ದುಡ್ಡು ತಗೊಂಡವರು. ಇದು ಮೂರನೇ ಸಾಲಿನಿಂದ ಬಂದ ವಿಮರ್ಶೆ ಅಂದುಕೊಳ್ಳಿ.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹಾಕಿದರೆ ಶಾಲೆಯ ಹೆಸರೂ ಹೊರಗೆ ಬರುತ್ತೆ. ನಾನು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ.

ಕರೆಸಿದ್ದು ಯಾಕೆ ಅನ್ನೋದನ್ನು ಮೊದಲು ಹೇಳಬೇಕು. ‘ಒಂಬತ್ತು’ ಅಂದರೆ ನಮ್ಮಂಥವರಿಗೆ ಇಟ್ಟ ಬೈಗುಳ, ನಿಮಗೆ ಗೊತ್ತಿರುತ್ತೆ. ಗಣಿತದ ಟೀಚರ್‌ಗೆ ಒಂಬತ್ತು ಅನ್ನದೆ ಒಂದು ಪೀರಿಯಡ್ಡೂ ಮುಗಿಯಲ್ಲ. ಒಂಬತ್ತೊಂಬತ್ಲೆ ಎಂಬತ್ತೊಂದು ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ನಗು. ಮಕ್ಕಳದ್ದು ನನಗೆ ತಲೆನೋವೇ ಅಲ್ಲ. ನಕ್ಕವನನ್ನು ಬೋರ್ಡಿಗೆ ಕರೆದು ಒಂಬತ್ತರ ಭಾಜ್ಯತೆಯ ನಿಯಮ ಸಾಧಿಸು ಅಂದರೆ ಮುಗೀತು. ದೊಡ್ಡವರದ್ದು ಹಾಗಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ ಬೀರುವಿನ ಪಕ್ಕ ಒಂದು ಚಾರ್ಟ್ ಅಂಟಿಸಿರುತ್ತಾರೆ, ಯಾರು ರಜೆ, ಅವರ ಪೀರಿಯಡ್ ಯಾರಿಗೆ ಅಂತ. ಅದರಲ್ಲಿ ನನ್ನ ಇನಿಷಿಯಲ್ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಒಂದು 9. ಅಳಿಸಿದೆ. ಮಾರನೇ ದಿನ ಮತ್ತೆ ಇತ್ತು. ಅಕ್ಷರ ನೋಡಿದರೆ ಪಳಗಿದ ಕೈ, ಬಾಲ ನೀಟಾಗಿ ಎಳೆದಿದ್ದರು. ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಟ್ರಾಫಿಕ್ ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವವರ ಒಂದು ವಿಡಿಯೊ ಬಂತು, ಕೆಳಗೆ ನಗುವ ಮುಖಗಳು. ಹೆಡ್‌ಮಿಸ್ ಹತ್ತಿರ ಹೋದರೆ, ‘ಸುಮ್ನೆ ತಮಾಷೆಗೆ ಮಾಡಿರ್ತಾರೆ, ಬಿಡಿ ಮಿಸ್’ ಅಂದರು. ಬರೆದು ಕೊಡುತ್ತೇನೆ ಅಂದೆ. ‘ಯಾರಿಗೆ ಅಂತ ಬರೀತೀರಿ?’ ಅಂತ ಕೇಳಿದರು. ಅವರು ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಅವರ ಹೆಸರಿಗೇ ಬರೆದುಕೊಟ್ಟೆ. ಮೂರು ವಾರ ಆದ ಮೇಲೆ ನೋಟಿಸ್ ಬೋರ್ಡಿನಲ್ಲಿ ತರಬೇತಿಯ ಸುತ್ತೋಲೆ ಬಂತು.

ಶನಿವಾರ ಬೆಳಗಿನ ತರಗತಿ ಮುಗಿಸಿ, ಕಾರ್ಯದರ್ಶಿಗಳ ಖರ್ಚಿನಲ್ಲಿ ಪುಳಿಯೋಗರೆ ಮೊಸರನ್ನ ತಿಂದು, ಒಂದೂವರೆಗೆ ಶುರು. ಶುಲ್ಕ 18,000 ರೂಪಾಯಿ, ಜಿಎಸ್‌ಟಿ, ಮೇಲೆ ಬಂದು ಹೋಗುವ ಕಾರಿನ ಬಾಡಿಗೆ. ಬಂದವರು ಇಬ್ಬರು. ಒಬ್ಬರು ವಕೀಲೆ, ಇನ್ನೊಬ್ಬರು ತರಬೇತುದಾರ, ಟ್ರಾನ್ಸ್ ಪುರುಷ. ಅವರು ಟ್ರಾನ್ಸ್ ಅಂತ ಅವರೇ ಹೇಳುವವರೆಗೆ ನಮ್ಮ ಸ್ಟಾಫಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೇಳಿದ ಮೇಲೆ ಎಲ್ಲರೂ ಅವರ ಮುಖವನ್ನು ಎರಡನೇ ಸಲ ನೋಡಿದ ರೀತಿ ಇತ್ತಲ್ಲ, ನನಗಂತೂ ಅದೇ ಒಂದು ಪಾಠ.

ಮೊದಲ ಒಂದು ಗಂಟೆ ಪದಗಳು. ಲಿಂಗ ಅಂದರೇನು, ಲಿಂಗತ್ವ ಅಂದರೇನು, ಆಕರ್ಷಣೆ ಬೇರೆ, ಗುರುತು ಬೇರೆ. ಬಿಸ್ಕೆಟ್ ಆಕಾರದ ಒಂದು ಗೊಂಬೆಯ ಚಿತ್ರ, ಅದರ ಸುತ್ತ ಬಾಣಗಳು, ಎಲ್ಲಾ ಇಂಗ್ಲಿಷ್‌ನಲ್ಲಿ. ನಮ್ಮ ಕನ್ನಡ ಮೇಷ್ಟ್ರು ಗೊಂಬೆಯನ್ನು ಬಹಳ ಹೊತ್ತು ನೋಡಿ, ‘ಇದು ಯಾವ ಕಂಪನಿ ಬಿಸ್ಕೆಟ್ಟು?’ ಅಂತ ಪಿಸುಗುಟ್ಟಿದರು. ಜೋಗಪ್ಪ, ಜೋಗತಿ, ಮಂಗಳಮುಖಿ, ಇವೆಲ್ಲ ಕೊನೆಯ ಒಂದೇ ಸ್ಲೈಡಿನಲ್ಲಿ ಓಡಿಹೋದವು. ಸವದತ್ತಿ ಎಲ್ಲಮ್ಮನ ಜಾತ್ರೆ ನೋಡಿ ಬೆಳೆದವರಿಗೆ ಅಲ್ಲಿಂದ ಶುರು ಮಾಡಿದ್ದರೆ ಅರ್ಧ ಕೆಲಸ ಆಗಿಬಿಡುತ್ತಿತ್ತು. ಒಂದು ಗಂಟೆಯ ಸರಕು ಇಪ್ಪತ್ತು ನಿಮಿಷದ್ದು.

ಆಮೇಲೆ ಸಾಧಕರ ಸ್ಲೈಡು. ಮಂಜಮ್ಮ ಜೋಗತಿ ಅವರ ಫೋಟೊ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ದೃಶ್ಯ ಯಾರಿಗೆ ನೆನಪಿಲ್ಲ ಹೇಳಿ. ಇಡೀ ಹಾಲ್ ಚಪ್ಪಾಳೆ ಹೊಡೆಯಿತು, ಆ ವಿಡಿಯೊ ಗ್ರೂಪಿಗೆ ಹಾಕಿದವರೂ ಸೇರಿ. ಮಂಜಮ್ಮನವರಿಗೆ ಚಪ್ಪಾಳೆ ಹೊಡೆಯೋದು ಕಷ್ಟವೇನಲ್ಲ. ಅವರಿಗೆ ನಮ್ಮ ಶಾಲೆಯ ಸ್ಟಾಫ್ ಟಾಯ್ಲೆಟ್ಟಿನ ಕೀ ಬೇಕಾಗಿಲ್ಲ.

ಮುಂದಿನ ಫೋಟೊ ಮಾನಬಿ ಬಂದ್ಯೋಪಾಧ್ಯಾಯ. 2015ರಲ್ಲಿ ಪಶ್ಚಿಮ ಬಂಗಾಳದ ಕೃಷ್ಣನಗರ ಮಹಿಳಾ ಕಾಲೇಜಿನ ಪ್ರಾಂಶುಪಾಲರಾದರು, ದೇಶದಲ್ಲೇ ಈ ಹುದ್ದೆಗೆ ಬಂದ ಮೊದಲ ಟ್ರಾನ್ಸ್ ವ್ಯಕ್ತಿ. ಸ್ಲೈಡು ಅಲ್ಲಿಗೆ ಮುಗಿಯಿತು. ನಾನು ಕೈ ಎತ್ತಿ, ‘ಮುಂದಿನ ವರ್ಷದ್ದೂ ಹೇಳಿ ಸರ್’ ಅಂದೆ. 2016ರ ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಪತ್ರ ಕೊಟ್ಟರು. ಸಹೋದ್ಯೋಗಿಗಳು ಸಹಕರಿಸುತ್ತಿಲ್ಲ, ಒತ್ತಡ ತಾಳಲಾರೆ ಅಂತ ಕಾರಣ ಹೇಳಿದ್ದರು. ಅದಕ್ಕೂ ಮೊದಲು ಅದೇ ರಾಜ್ಯದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು, ಪಿಎಚ್‌ಡಿ ಆದವರು. ಪ್ರಾಂಶುಪಾಲರ ಕುರ್ಚಿಯಲ್ಲಿ ಕೂತವರಿಗೇ ಒಂದೂವರೆ ವರ್ಷದಲ್ಲಿ ಸಾಕಾಯಿತು ಅಂದರೆ, ಸ್ಟಾಫ್‌ರೂಮಿನ ಮೂಲೆ ಕುರ್ಚಿಯ ಪಾಡೇನು? ಸಾಧಕರ ಸ್ಲೈಡಿನಲ್ಲಿ ಇದೂ ಇರಬೇಕಿತ್ತು. ತರಬೇತುದಾರ ಬೇಜಾರು ಮಾಡಿಕೊಳ್ಳದೆ ಬರೆದುಕೊಂಡರು.

ಬೇಜಾರಾಗಿದ್ದು ನನಗೆ, ಹತ್ತು ನಿಮಿಷ ಬಿಟ್ಟು. ಅವರು ನನ್ನ ಕಡೆ ತಿರುಗಿ, ‘ನಿಮ್ಮ ಪಯಣವನ್ನು ಎಲ್ಲರ ಜೊತೆ ಹಂಚಿಕೊಳ್ತೀರಾ?’ ಅಂದರು. ಮೊದಲೇ ಒಂದು ಮಾತು ಕೇಳಿರಲಿಲ್ಲ. ಮೂವತ್ತಕ್ಕೂ ಹೆಚ್ಚು ತಲೆಗಳು ನನ್ನ ಕಡೆಗೆ. ‘ಪಯಣ ಅಂದ್ರೆ ಗುಬ್ಬಿ ಬಸ್ಸು ಸರ್, ದಿನಾ ನಿಂತ್ಕೊಂಡೇ ಬರೋದು’ ಅಂದೆ. ನಗು ಬಂತು, ಮಾತು ಅಲ್ಲಿಗೆ ಮುರಿಯಿತು. ಆದರೆ ಇನ್ನೊಂದು ಶಾಲೆಯಲ್ಲಿ, ಇನ್ನೂ ಹೊಸಬರು, ಇನ್ನೂ ಪ್ರೊಬೇಷನ್‌ನಲ್ಲಿರುವವರು ಇದ್ದರೆ? ಅಥವಾ ಯಾರಿಗೂ ಹೇಳಿಕೊಳ್ಳದೆ ಕೆಲಸ ಮಾಡುತ್ತಿರುವವರು ಇದ್ದರೆ? ತರಬೇತುದಾರರೂ ಟ್ರಾನ್ಸ್, ಅವರಿಗೆ ಇದು ಗೊತ್ತಿರಬೇಕಿತ್ತು. ಇದಕ್ಕೆ ನಾನು ಒಂದು ಪೂರ್ತಿ ಅಂಕ ಕಳೆದಿದ್ದೇನೆ.

ಕಳೆದುಕೊಂಡದ್ದನ್ನು ಚೀಟಿಗಳ ಪೆಟ್ಟಿಗೆಯಲ್ಲಿ ಸ್ವಲ್ಪ ವಾಪಸ್ ಪಡೆದರು. ಹೆಸರಿಲ್ಲದೆ ಪ್ರಶ್ನೆ ಬರೆದು ಒಂದು ಶೂ ಡಬ್ಬಿಗೆ ಹಾಕಬೇಕಿತ್ತು. ಅವರು ಒಂದೊಂದೇ ತೆಗೆದು ತಮ್ಮಷ್ಟಕ್ಕೆ ಓದಿ, ಎರಡು ಗುಡ್ಡೆ ಮಾಡಿದರು. ಎಡಗಡೆಯದು ದೊಡ್ಡ ಗುಡ್ಡೆ. ‘ಇವೆಲ್ಲ ಆಪರೇಷನ್ ಬಗ್ಗೆ’ ಅಂದರು. ‘ಇಲ್ಲಿ ಯಾರಿಗೆ ಪೈಲ್ಸ್ ಆಪರೇಷನ್ ಆಗಿದೆ, ಯಾರಿಗೆ ಗರ್ಭಕೋಶದ್ದು ಆಗಿದೆ ಅಂತ ನಾನು ಚೀಟಿ ಬರೆದು ಕೇಳಿದ್ರೆ ಹೇಗಿರುತ್ತೆ?’ ಆ ಗುಡ್ಡೆಯನ್ನು ಎಲ್ಲರ ಎದುರಿಗೇ ಹರಿದು ಕಸದ ಬುಟ್ಟಿಗೆ ಹಾಕಿದರು. ಹಾಲ್‌ನಲ್ಲಿ ಉಸಿರಿಲ್ಲ. ಇಷ್ಟು ದಿನ ನಾನು ಬಾಯಿ ಬಿಟ್ಟು ಹೇಳಿದರೂ ನಿಲ್ಲದಿದ್ದ ಪ್ರಶ್ನೆ ಅವತ್ತಿನಿಂದ ನಿಂತಿದೆ. 18,000ದಲ್ಲಿ ಒಂದು ಐದು ಸಾವಿರ ಅಲ್ಲೇ ವಸೂಲಾಯಿತು ಅಂತ ನನ್ನ ಲೆಕ್ಕ.

ಚಹಾ ಆದ ಮೇಲೆ ಕಾನೂನು. ಇಡೀ ದಿನದ ಒಳ್ಳೆಯ ಪಾಠ ಇದೇ. ವಕೀಲೆ ಸ್ಲೈಡು ಆಫ್ ಮಾಡಿ, ಚಾಕ್‌ಪೀಸ್ ತಗೊಂಡರು. ಬೋರ್ಡ್ ಬಳಸುವವರನ್ನು ಕಂಡರೆ ನನಗೆ ಮೊದಲೇ ಇಷ್ಟ.

ನಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಅಂತ ಹೇಳುವ ಹಕ್ಕು ನಮ್ಮದೇ ಅಂದ, 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪನ್ನು ಎರಡು ಮಾತಿನಲ್ಲಿ ಮುಗಿಸಿ, ನೇರ 2019ರ ಕಾಯ್ದೆಗೆ ಬಂದರು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆ, ಜಾರಿಗೆ ಬಂದದ್ದು 2020ರ ಜನವರಿ 10ರಂದು. ಅದರ 9ನೇ ಕಲಂ ಪ್ರಕಾರ ನೇಮಕ, ಬಡ್ತಿ, ಕೆಲಸದ ಯಾವ ವಿಷಯದಲ್ಲೂ ತಾರತಮ್ಯ ಮಾಡುವಂತಿಲ್ಲ. 11ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ಹೆಸರಿಸಬೇಕು. ‘ಸರ್ಕಾರಿ ಸಂಸ್ಥೆಗೆ ಮಾತ್ರ ಅಲ್ವಾ?’ ಅಂತ ಕಾರ್ಯದರ್ಶಿಗಳು ಕೇಳಿದರು. ಕಂಪನಿ, ಸಂಘ, ಟ್ರಸ್ಟ್ ಎಲ್ಲವೂ ಸಂಸ್ಥೆ ಅನ್ನೋದರಲ್ಲೇ ಬರುತ್ತೆ, ನಿಮ್ಮ ಟ್ರಸ್ಟೂ ಬರುತ್ತೆ ಅಂತ ಅವರು ಉತ್ತರ ಕೊಟ್ಟಾಗ ಕಾರ್ಯದರ್ಶಿಗಳು ನೀರಿನ ಬಾಟಲಿ ಎತ್ತಿಕೊಂಡರು.

ಆ ಕಾಯ್ದೆಯಡಿ ಬಂದ 2020ರ ನಿಯಮಗಳಲ್ಲಿ ದಿನದ ಲೆಕ್ಕವೂ ಇದೆ. ದೂರು ಬಂದ 15 ದಿನದೊಳಗೆ ಅಧಿಕಾರಿ ವಿಚಾರಣೆ ಮಾಡಬೇಕು. ವರದಿ ಕೈಗೆ ಸಿಕ್ಕ 15 ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು. ಹೆಡ್‌ಮಿಸ್ ಮೆಲ್ಲಗೆ, ‘ನಮ್ಮಲ್ಲಿ ಆಂತರಿಕ ಸಮಿತಿ ಇದೆಯಲ್ಲ ಮೇಡಂ’ ಅಂದರು. ಅದು 2013ರ ಕಾಯ್ದೆಯ ಸಮಿತಿ, ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ ಇರಲೇಬೇಕು, ಆ ಕಾಯ್ದೆ ಮಾತಾಡುವುದು ಮಹಿಳೆಯ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ. ಚಾರ್ಟಿನಲ್ಲಿ ಬರೆಯುವ ಅಂಕಿ, ಮಸ್ಟರಿನಲ್ಲಿ ಬೇಕಂತಲೇ ಹಳೇ ಹೆಸರು, ಇವು ಅಲ್ಲಿ ಜಾರಿ ಬಿದ್ದುಹೋಗುತ್ತವೆ. ಅದೂ ಇರಲಿ, ಇದೂ ಇರಬೇಕು ಅಂತ ವಕೀಲೆ ಸ್ಪಷ್ಟ ಮಾಡಿದರು. 18ನೇ ಕಲಮಿನ ಶಿಕ್ಷೆಯನ್ನೂ ಹೇಳಿದರು, ಆರು ತಿಂಗಳಿಂದ ಎರಡು ವರ್ಷ ಮತ್ತು ದಂಡ. ಬಾಯಿಮಾತಿನ ಹಿಂಸೆಯೂ ಅದರಲ್ಲಿ ಸೇರಿದೆ, ಲೈಂಗಿಕ ದೌರ್ಜನ್ಯವೂ ಅದರಲ್ಲೇ ಸೇರಿದೆ. ಎರಡಕ್ಕೂ ಒಂದೇ ತಕ್ಕಡಿ ಅಂದರೆ ನಮ್ಮ ಮೈಗೆ ಇಟ್ಟ ಬೆಲೆ ಎಷ್ಟು ಅಂತ ನಾನು ಮನಸ್ಸಿನಲ್ಲೇ ಕೇಳಿಕೊಂಡೆ. ವಕೀಲೆ ಅದನ್ನೂ ಬಾಯಿಬಿಟ್ಟು ಹೇಳಿದರು, ಮೆಚ್ಚಿಕೊಂಡೆ.

ಎಲ್ಲರೂ ಪೆನ್ನು ಹಿಡಿದದ್ದು ಜೇನ್ ಕೌಶಿಕ್ ಅವರ ಕೇಸು ಬಂದಾಗ. ಅವರೂ ಟೀಚರ್. ಉತ್ತರ ಪ್ರದೇಶದ ಲಖೀಂಪುರ ಖೀರಿಯ ಖಾಸಗಿ ಶಾಲೆಗೆ 2022ರ ನವೆಂಬರ್‌ನಲ್ಲಿ ಸೇರಿದರು. ಎಂಟೇ ದಿನ ಪಾಠ, ಕೆಲಸ ಹೋಯಿತು. ಆಮೇಲೆ ಗುಜರಾತಿನ ಜಾಮ್‌ನಗರದ ಇನ್ನೊಂದು ಶಾಲೆ ಕೆಲಸ ಕೊಡುತ್ತೇವೆ ಅಂತ ಪತ್ರ ಕಳಿಸಿ, ಟ್ರಾನ್ಸ್ ಮಹಿಳೆ ಅಂತ ಗೊತ್ತಾದ ಮೇಲೆ ಸೇರಿಸಿಕೊಳ್ಳಲಿಲ್ಲ. ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2025ರ ಅಕ್ಟೋಬರ್ 17ರಂದು ನ್ಯಾಯಮೂರ್ತಿಗಳಾದ ಪಾರ್ದೀವಾಲಾ ಮತ್ತು ಮಹಾದೇವನ್ ಅವರ ಪೀಠ ಪರಿಹಾರ ಕೊಡಿಸಿತು. ಕಾಯ್ದೆಯನ್ನು ಕಾಗದದಲ್ಲೇ ಇಟ್ಟುಕೊಂಡಿದ್ದಕ್ಕೆ ಸರ್ಕಾರಗಳನ್ನೂ ತರಾಟೆಗೆ ತಗೊಂಡಿತು. ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಲೇಬೇಕು, ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವ ದಾರಿ ಇರಬೇಕು ಅಂತ ಹೇಳಿತು. ಸಮಾನ ಅವಕಾಶದ ನೀತಿ ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಟ್ರಾನ್ಸ್ ಹಕ್ಕುಗಳ ಹೋರಾಟಗಾರ್ತಿ, ನಮ್ಮ ಅಕ್ಕೈ ಪದ್ಮಶಾಲಿ ಆ ಸಮಿತಿಯಲ್ಲಿದ್ದಾರೆ ಅಂದಾಗ ನನ್ನ ಪಕ್ಕದ ವಿಜ್ಞಾನದ ಮಿಸ್, ‘ಅವರನ್ನ ಟೀವಿಲಿ ನೋಡಿದೀನಿ’ ಅಂತ ಖುಷಿಪಟ್ಟರು.

ಇಲ್ಲಿಗೆ ಬಂದ ಮೇಲೆ ಸಹಜವಾಗಿ ಮುಂದಿನ ಪ್ರಶ್ನೆ ಯಾವುದು? ಈ ಶಾಲೆಯ ದೂರು ಅಧಿಕಾರಿ ಯಾರು ಅಂತ ತಾನೇ? ವಕೀಲೆ ಅದನ್ನು ಕೇಳಲಿಲ್ಲ. ಗಡಿಯಾರ ನೋಡಿ, ‘ಈಗ ನಾಟಕ’ ಅಂದುಬಿಟ್ಟರು. ಲೆಕ್ಕದ ಎಲ್ಲಾ ಹಂತ ಬರೆದು ಉತ್ತರ ಬರೆಯದೆ ಬಿಟ್ಟ ಹುಡುಗನ ಹಾಳೆ ನೋಡಿದ ಹಾಗಾಯಿತು. ನಮ್ಮ ಕಾರ್ಯದರ್ಶಿಗಳು, ಹೆಡ್‌ಮಿಸ್ ಇಬ್ಬರೂ ಎದುರಿಗೇ ಕೂತಿದ್ದರು. ಅವತ್ತೇ ಕೇಳಿದ್ದರೆ ಅವತ್ತೇ ಒಂದು ಹೆಸರು ಬರುತ್ತಿತ್ತು.

ನಾಟಕ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಪಿ.ಟಿ. ಮೇಷ್ಟ್ರು ಪೋಷಕ, ಹೆಡ್‌ಮಿಸ್ ಹೆಡ್‌ಮಿಸ್ಸೇ. ಮೇಷ್ಟ್ರು ಪಾತ್ರದೊಳಗೇ ಇಳಿದುಬಿಟ್ಟರು. ‘ಏನ್ರೀ ಮೇಡಂ, ಅಂಥವರ ಹತ್ರ ನನ್ನ ಮಗಳಿಗೆ ಪಾಠನಾ? ಬೇರೆ ಸೆಕ್ಷನ್‌ಗೆ ಹಾಕ್ರಿ!’ ಹೆಡ್‌ಮಿಸ್ ಅಭ್ಯಾಸಬಲದಿಂದ, ‘ನೋಡೋಣ ಸರ್, ಕಮಿಟಿಗೆ ಹೇಳ್ತೀನಿ’ ಅಂದರು. ತರಬೇತುದಾರ ಅಲ್ಲೇ ತಡೆದರು. ‘ನೋಡೋಣ ಅಂದ್ರೆ ಏನು ನೋಡ್ತೀರಿ ಮೇಡಂ?’ ಹೆಡ್‌ಮಿಸ್ ಹತ್ತಿರ ಉತ್ತರ ಇರಲಿಲ್ಲ. ಮೂರು ಸಲ ಮಾಡಿಸಿದರು. ಮೂರನೇ ಸಲ ಹೆಡ್‌ಮಿಸ್ ಹೇಳಿದ್ದು ಇಷ್ಟು: ‘ಅವರು ನಮ್ಮ ಗಣಿತದ ಟೀಚರ್. ಸೆಕ್ಷನ್ ಬದಲಾಗಲ್ಲ. ಪಾಠದ ಬಗ್ಗೆ ದೂರಿದ್ರೆ ಬರೆದು ಕೊಡಿ.’ ಜನವರಿಯಲ್ಲಿ ಒಬ್ಬರು ಪೋಷಕರು ನಿಜಕ್ಕೂ ಬಂದರು. ಹೆಡ್‌ಮಿಸ್ ಅದೇ ಮೂರು ಮಾತು ಒಂದಕ್ಷರ ಬದಲಿಸದೆ ಹೇಳಿ ಕಳಿಸಿದರಂತೆ. ನನಗೆ ಗುಮಾಸ್ತರು ಬಂದು ವರದಿ ಕೊಟ್ಟರು.

ಕೈಗೆ ಕೊಟ್ಟ ಪುಸ್ತಕ ಇಂಗ್ಲಿಷ್‌ನದು, ನುಣುಪು ಕಾಗದ. ಕನ್ನಡಕ್ಕೆ ಒಂದೇ ಜೆರಾಕ್ಸ್ ಹಾಳೆ, ಅದರಲ್ಲಿ ‘ದೂರು ಅಧಿಕಾರಿ’ ಇರಬೇಕಾದ ಕಡೆ ‘ಅಸಮಾಧಾನ ಪದಾಧಿಕಾರಿ’ ಅಂತ ಇತ್ತು. ಕನ್ನಡ ಮೇಷ್ಟ್ರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು, ಯಾರಿಗೋ ತೋರಿಸಿ ನಗೋಕೆ.

ದೊಡ್ಡ ಕೊರತೆ ಬೇರೆ ಇದೆ. ಕರೆದದ್ದು ಟೀಚರ್‌ಗಳನ್ನು ಮಾತ್ರ. ಆಯಾ ಇಲ್ಲ, ವಾಚ್‌ಮನ್ ಇಲ್ಲ, ವ್ಯಾನ್ ಡ್ರೈವರ್‌ಗಳಿಲ್ಲ. ನನ್ನ ದಿನ ಹೇಗೆ ಶುರುವಾಗಬೇಕು ಅಂತ ತೀರ್ಮಾನ ಮಾಡುವವರು ಗೇಟಿನಲ್ಲಿರುವವರು. 2020ರ ನಿಯಮಗಳಲ್ಲಿ ಸಮಾನ ಅವಕಾಶ ನೀತಿಯ ಬಗ್ಗೆ ಹೇಳುವಾಗ ಶೌಚಾಲಯದ ಜೊತೆಗೆ ಸಾರಿಗೆ, ಕಾವಲಿನವರ ಮಾತೂ ಬರುತ್ತೆ. ಸುಮ್ನೆ ಬರೆದಿಲ್ಲ ಅದನ್ನು. ಹಾಗೆ ನೋಡಿದರೆ ನಮ್ಮ ಶಾಲೆಯಲ್ಲಿ ತರಬೇತಿ ಬೇಡವಾಗಿದ್ದವರು ನಮ್ಮ ಆಯಾ ಒಬ್ಬರೇ. ನಾನು ಸೇರಿದ ಮೊದಲ ದಿನವೇ ಲೇಡೀಸ್ ಟಾಯ್ಲೆಟ್ಟಿನ ಕೀ ತಂದು, ‘ಚಿಲಕ ಸರಿ ಇಲ್ಲ ಮಿಸ್, ಒಳಗಡೆಯಿಂದ ಬಕೆಟ್ ಇಟ್ಕೊಳಿ’ ಅಂದಿದ್ದರು. ಅಷ್ಟೇ.

ತರಬೇತಿ ಆದ ಮೇಲೆ ಮೂರು ತಿಂಗಳು ಫೋನ್ ಸಹಾಯ ಇದೆ. ಬಹಳ ಶಾಲೆಗಳು ಇದನ್ನು ಬಳಸಲ್ಲವಂತೆ. ನಾನು ಬಳಸಿದೆ. ನನ್ನ ಆಧಾರ್, ಪ್ಯಾನ್, ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರ ಎಲ್ಲದರಲ್ಲೂ ಈಗಿನ ಹೆಸರೇ ಇದೆ. ಮಸ್ಟರಿನಲ್ಲಿ ಮಾತ್ರ ಹಳೆಯದು. ಸಾಫ್ಟ್‌ವೇರ್ ಬಿಡಲ್ಲ ಅನ್ನೋದು ಗುಮಾಸ್ತರ ಉತ್ತರ. ಫೋನ್ ಮಾಡಿ ಹೇಳಿದೆ, ಕನ್ನಡದಲ್ಲೇ ಮಾತಾಡಿದರು. ಎರಡು ದಿನದಲ್ಲಿ ಒಂದು ಪತ್ರದ ಕರಡು ಬಂತು, ಅರ್ಧ ಪುಟ, ಕಲಂ ಸಮೇತ. ಕೊಟ್ಟೆ. ಸಾಫ್ಟ್‌ವೇರ್ ಬಿಟ್ಟಿತು.

ಅದೇ ಫೋನಿನಲ್ಲಿ ದೂರು ಅಧಿಕಾರಿಯ ವಿಷಯ ಕೇಳಿದೆ. ವಕೀಲೆ ಹೆಡ್‌ಮಿಸ್‌ಗೆ ಮೇಲ್ ಹಾಕಿದರು. ಫೆಬ್ರವರಿಯಲ್ಲಿ ನೋಟಿಸ್ ಬೋರ್ಡಿನಲ್ಲಿ ಹೆಸರು ಬಂತು. ಕಾರ್ಯದರ್ಶಿಗಳ ಭಾವಮೈದುನ. ಶಾಲೆಯ ಬಸ್ ವಿಭಾಗ ನೋಡಿಕೊಳ್ಳುವವರು. ಒಳ್ಳೆಯ ಮನುಷ್ಯ, ನನ್ನ ಜೊತೆ ಇವತ್ತಿನವರೆಗೂ ಒಂದು ಮಾತು ಹೆಚ್ಚು ಕಮ್ಮಿ ಆಡಿಲ್ಲ. ಆದರೆ ಮ್ಯಾನೇಜ್‌ಮೆಂಟ್ ವಿರುದ್ಧ ದೂರಿದ್ದರೆ ಅವರ ಮನೆಯವರ ಕೈಗೇ ಕೊಡಬೇಕು. ಯಾರನ್ನು ಹೆಸರಿಸಬೇಕು, ಯಾರನ್ನು ಬೇಡ ಅನ್ನೋದನ್ನು ತರಬೇತಿಯಲ್ಲೇ ಹತ್ತು ನಿಮಿಷ ಮಾತಾಡಿದ್ದರೆ ಹೀಗಾಗುತ್ತಿರಲಿಲ್ಲ. ಬಿಸ್ಕೆಟ್ ಗೊಂಬೆಗೆ ಕೊಟ್ಟ ಸಮಯದಲ್ಲಿ ಅದು ಆರಾಮಾಗಿ ಹಿಡಿಸುತ್ತಿತ್ತು. ನನ್ನ ಹಳೆಯ ದೂರನ್ನು ಈಗ ಅವರ ಹೆಸರಿಗೆ ಮತ್ತೆ ಬರೆದು ಕೊಟ್ಟಿದ್ದೇನೆ, ದಿನಾಂಕ ಹಾಕಿ, ಸ್ವೀಕೃತಿ ಸಹಿ ಪಡೆದು. 15 ದಿನದ ಎಣಿಕೆ ನಡೆಯುತ್ತಿದೆ.

ಐದಕ್ಕೆ ಮೂರು ಕೊಡುತ್ತೇನೆ. ವಕೀಲೆಗೆ ಮಾತ್ರ ಆದರೆ ನಾಲ್ಕೂವರೆ.

ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಇನ್ನು ಮುಂದೆ ಇಂಥ ತರಬೇತಿಗೆ ಬೇಡಿಕೆ ಜಾಸ್ತಿಯಾಗುತ್ತೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಆಯ್ಕೆ ಪಟ್ಟಿಗೆ ಬಂದಾಗ ಎಲ್ಲಾ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಹಳ್ಳಿ ಶಾಲೆಯ ಸ್ಟಾಫ್‌ರೂಮಿನಲ್ಲಿ ಅವರು ಕೂತ ಮೇಲಿನ ದಿನಗಳು ಸುದ್ದಿಯಾಗಲ್ಲ. ಅಲ್ಲಿಗೂ ಯಾರಾದರೂ ಚಾಕ್‌ಪೀಸ್ ಹಿಡಿದು ಹೋಗಬೇಕು.

ನಿಮ್ಮ ಶಾಲೆಗೆ ಇಂಥವರನ್ನು ಕರೆಸುತ್ತಿದ್ದರೆ ಬೆಳಗಿನ ಹೊತ್ತು ಕೇಳಿ, ಊಟವಾದ ಮೇಲೆ ಬೇಡ, ಅರ್ಧ ಜನ ತೂಕಡಿಸುತ್ತಾರೆ. ಕಾನೂನಿನ ಪಾಠ ಮೊದಲು ಇಡಿ ಅನ್ನಿ, ಗೊಂಬೆ ಆಮೇಲೆ. ಆಯಾ, ವಾಚ್‌ಮನ್, ಡ್ರೈವರ್ ಎಲ್ಲರಿಗೂ ಸೇರಿಸಿ ರೇಟು ಮಾತಾಡಿ, ತಲೆ ಲೆಕ್ಕದಲ್ಲಿ ಅವರು ಹೆಚ್ಚು ಕೇಳಲ್ಲ. ಶಾಲೆಯಲ್ಲಿ ನಮ್ಮವರು ಯಾರಾದರೂ ಇದ್ದರೆ ಅವರನ್ನು ಎದ್ದು ನಿಲ್ಲಿಸಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿ. ದುಡ್ಡು ಎರಡು ಕಂತಿನಲ್ಲಿ ಕೊಡಿ. ಎರಡನೆಯದು, ದೂರು ಅಧಿಕಾರಿಯ ಹೆಸರು ಬೋರ್ಡಿಗೆ ಬಂದ ಮೇಲೆ. ಭಾವಮೈದುನ ಆಗಬಾರದು ಅಂತಲೂ ಕರಾರಿನಲ್ಲಿ ಬರೆಸಿ.